ಡೈರಿಗೆ ಹಾಕದ ಹಾಲು

ಮೂರನೆಯ ಮೊಲೆ ಬಿಸಿಯಾಗಿತ್ತು, ಮಾಗಿಯ ಚಳಿಗೆ ಮರಗಟ್ಟಿದ್ದ ಮಂಚಮ್ಮನ ಬೆರಳಿಗೆ ಆ ಬಿಸಿ ಒಂದು ಗಳಿಗೆ ಹಿತವಾಗಿ, ಹಿತವಾಗಿದ್ದಕ್ಕೇ ಬೆಚ್ಚಿ ಕೈ ಹಿಂದಕ್ಕೆ ಬಂತು — ಬಾವು, ಮತ್ತೆ ಕೆಚ್ಚಲು ಬಾವು, ಹೋದ ಸಲವೂ ಇದೇ ಮೊಲೆ, ಅದರ ಹಿಂದಿನ ಸಲವೂ ಇದೇ — ಹಸು ಹಿಂಗಾಲು ಎತ್ತಿ ಇಟ್ಟಿತು, ಬುಡು ತಾಯಿ ಬುಡು, ಮೆಲ್ಲಗೇ ಕರೀತೀನಿ. ಹೇಮಾವತಿಯ ಕಡೆಯಿಂದ ಎದ್ದ ಮಂಜು ಇನ್ನೂ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದೆ, ಪಕ್ಕದ ಗದ್ದೆಗೆ ಕಟಾವು ಮೆಷಿನ್ನು ಇಳಿದು ಗುಡುಗುಡು ಎನ್ನುತ್ತಿದೆ, ಅಕ್ಕಿಹೆಬ್ಬಾಳಿಗೆಲ್ಲ ಸುಗ್ಗಿ, ಮೈ ಕೆರೆದುಕೊಳ್ಳಲು ಪುರಸೊತ್ತಿಲ್ಲದ ಕಾಲ. ಜಗುಲಿಯ ಮೇಲೆ ಗಂಡ ದ್ಯಾವಯ್ಯ ಮೊಮ್ಮಗಳನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಹಾಕಿಕೊಂಡು, ಲಾಲಿ ಬಾರದೆ, ಏರು ಹೂಡುವವನ ರಾಗದಲ್ಲೇ ಓ ಓ ಎನ್ನುತ್ತಿದ್ದಾನೆ, ಕೂಸು ಅದಕ್ಕೂ ಸುಮ್ಮನಾಗಿದೆ, ಡಬ್ಬಿಯ ಪುಡಿ ಕಲಸಿ ಕೊಟ್ಟರೂ ಕುಡಿದು ಮಲಗುತ್ತದೆ, ಅದಕ್ಕೇನು ಗೊತ್ತು ಪಾಪ, ಹೆತ್ತವಳು, ತನ್ನ ಮಗಳು, ಮೈಸೂರಿನ ಆಸ್ಪತ್ರೆಯಲ್ಲಿ ಬಿದ್ದಿರುವುದು. ಸಹನ. ಆಪರೇಷನ್ ಮಾಡಿ ಮಗು ತೆಗೆದರು, ಮನೆಗೆ ಕಳಿಸಿದರು, ಎಣ್ಣೆನೀರು ಹಾಕುವ ಮೊದಲೇ ಹೊಲಿಗೆ ಕೀತುಕೊಂಡಿತು, ಮೈ ಕೆಂಡ — ಎಲ್ಲರಿಗೂ ಆಗ್ತದೆ, ಸೂಜಿ ಹಾಕಿದರೆ ಇಳೀತದೆ ಎಂದುಕೊಂಡೇ ಕರೆದುಕೊಂಡು ಹೋಗಿದ್ದಳು ಮಂಚಮ್ಮ, ಚೀಲದಲ್ಲಿ ಒಂದೇ ಒಂದು ಸೀರೆ ಇಟ್ಟುಕೊಂಡು. ಒಂದು ಔಷಧಿ ಹಾಕಿದರು, ಜ್ವರ ಜಗ್ಗಲಿಲ್ಲ. ಇನ್ನೊಂದು ಹಾಕಿದರು. ಮತ್ತೊಂದು. ಈಗ ಹನಿಹನಿಯಾಗಿ ಇಳಿಯುತ್ತಿರುವುದೇ ಕೊನೆಯದು, ಇದಕ್ಕೂ ಬಗ್ಗದಿದ್ದರೆ ನಮ್ಮ ಕೈಯಲ್ಲಿ ಬೇರೆ ಏನೂ ಇಲ್ಲಮ್ಮ, ಬೆಳಿಗ್ಗೆವರೆಗೆ ಕಾಯಬೇಕು ಎಂದಿದ್ದರು ಡಾಕ್ಟರಮ್ಮ. ನಾನಿರ್ತೀನಿ ಅತ್ತೆ, ನೀವು ಊರಿಗೋಗಿ ಕೂಸು ನೋಡ್ಕಂಡು ಬನ್ನಿ ಎಂದು ಅಳಿಯ ಅಶೋಕ ನಿನ್ನೆ ಸಂಜೆಯ ರೈಲು ಹತ್ತಿಸಿದ್ದ. ಬೆಳಿಗ್ಗೆ ಆಗಿದೆ. ಸೊಂಟಕ್ಕೆ ಸಿಕ್ಕಿಸಿದ ಫೋನು ತಣ್ಣಗೆ ಕೂತಿದೆ.

ಆ ಆಸ್ಪತ್ರೆಯ ಬೆಂಚು, ಅದರ ಮೇಲೆ ಪಕ್ಕಕ್ಕೆ ಬಂದು ಕೂತವಳು ಶ್ರೀರಂಗಪಟ್ಟಣದ ಫಕ್ರುನ್ನೀಸಾ, ಗಂಡ ಅಬ್ದುಲ್ ವಾಹಿದನ ಕಾಲಿನ ಹುಣ್ಣು, ಗೂಡ್ಸ್ ಆಟೋ ಓಡಿಸುವ ಮನುಷ್ಯ, ಸಕ್ಕರೆ ಕಾಯಿಲೆ, ಅವನಿಗೂ ಹೀಗೇ, ಹಾಕಿದ್ದು ಯಾವುದೂ ನಾಟುತ್ತಿಲ್ಲ — ನಮ್ಮನೇಲಿ ಒಂದು ಬಿಸ್ಕತ್ ಡಬ್ಬಿ ಇದೆ ಮಂಚಮ್ಮ, ತುಂಬಾ ಉಳಿದಿರೋ ಮಾತ್ರೇನೇ, ಕೆಮ್ಮಿದ್ರೆ ಎರಡು, ಮೈ ಬಿಸಿ ಆದ್ರೆ ಎರಡು, ಆರಾಮ್ ಆದ್ ಕೂಡ್ಲೇ ಬಾಕಿದು ವಾಪಸ್ ಡಬ್ಬಿಗೆ, ನೆಂಟ್ರು ಬಂದ್ರೂ ಅಷ್ಟೇ, ನಾನು ಚಾ ಕಾಯಿಸೋದ್ರೊಳಗೆ ಇವ್ರು ಮಾತ್ರೆ ಕೊಟ್ಟು ಕಳಿಸಿರ್ತಾರೆ, ಯಾ ಅಲ್ಲಾ, ಡಾಕ್ಟರ್ ಆಗೋಕೆ ಬಿಳಿ ಕೋಟೊಂದು ಕಮ್ಮಿ ಇತ್ತು. ಮಂಚಮ್ಮನಿಗೆ ನಗು ಬಂದು, ಮಗಳು ಒಳಗೆ ಹಾಗೆ ಮಲಗಿರುವಾಗ ನಕ್ಕೆನಲ್ಲ ಎಂದು ಸೆರಗು ಬಾಯಿಗೊತ್ತಿಕೊಂಡು — ಆದರೂ ಒಳಗೊಳಗೇ ಒಂದು ಹಮ್ಮು, ನಮ್ಮನೇಲಿ ಅಂಗಿಲ್ಲ ಕಣವ್ವ, ನಮ್ಮುಡುಗೀಗೆ ನಾನು ಒಂದು ಮಾತ್ರೆ ಕೊಟ್ಟೋಳಲ್ಲ, ಶುಂಠಿ ಮೆಣಸು ಕಷಾಯದಲ್ಲೇ ಬೆಳೆದೋಳು ಅವ್ಳು, ಮೇಲೆ ಸೀಮೆಹಸಿನ ಆಲು. ಮಾಷಾಅಲ್ಲಾ, ಪುಣ್ಯ ಮಾಡಿದಾಳೆ ಬಿಡಿ ನಿಮ್ಮ ಮಗಳು ಎಂದಿದ್ದಳು ಫಕ್ರುನ್ನೀಸಾ. ಪುಣ್ಯ.

ಡಾಕ್ಟರು ಪ್ರಮೀಳಾ ಮೇಡಮ್ಮು ಮೆದುವಾದ ಹೆಂಗಸು, ಗದರಿದವರಲ್ಲ, ಗದರಿದ್ದರೆ ಒಳ್ಳೆಯದಿತ್ತು. ಪಕ್ಕಕ್ಕೆ ಕೂರಿಸಿಕೊಂಡು ಇದು ನಿಮ್ಮೊಬ್ಬರ ಮನೆ ಕಥೆ ಅಲ್ಲಮ್ಮ, ಈ ವಾರ್ಡಿನಲ್ಲೇ ಎಷ್ಟೊಂದು ಜನ ಇದ್ದಾರೆ ನೋಡಿ, ದೇಶದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಜೀವ ಹೀಗೇ ಹೋಗ್ತಿದೆ, ಗಾಯದಿಂದ ಅಲ್ಲ, ಗಾಯಕ್ಕೆ ಹಾಕೋ ಔಷಧಿ ಕೆಲಸ ಮಾಡದೆ, ಕ್ರಿಮಿಗಳು ಔಷಧಿಗೇ ಪಳಗಿಬಿಟ್ಟಿವೆ ಎಂದಿದ್ದರು. ಪಳಗಿಬಿಟ್ಟಿವೆ — ಹೋರಿ ನೊಗಕ್ಕೆ ಪಳಗಿದ ಹಾಗೆ, ಮಂಚಮ್ಮ ಅಂದುಕೊಂಡಳು, ದಿನಾ ಸ್ವಲ್ಪ ಸ್ವಲ್ಪ ಹೆಗಲಿಗೆ ಕೊಟ್ಟು ಪಳಗಿಸಿದ ಹಾಗೆ. ಮನೇಲಿ ದನ ಇದೆಯಾ, ಕಾಯಿಲೆ ಆದರೆ ಔಷಧಿ ಏನು ಕೊಡ್ತೀರಿ. ಒಂದು ಸೀಮೆಹಸ ಅದೆ ಮೇಡಮ್ಮಾರೆ, ಕೆಚ್ಲು ಬಾವು ಬಂದ್ರೆ ಟೂಬು ಏರಿಸ್ತೀವಿ. ಆ ಹಾಲು ಏನ್ಮಾಡ್ತೀರಿ? ಆಗ ಬೆನ್ನು ನೆಟ್ಟಗೆ ಮಾಡಿಕೊಂಡಳಲ್ಲ ಮಂಚಮ್ಮ, ಊರಲ್ಲಿ ನೀರು ಬೆರೆಸುವವರು, ಕದ್ದುಮುಚ್ಚಿ ರೋಗದ ಹಾಲು ಸುರಿಯುವವರ ನಡುವೆ ತಾನು ಯಾವ ಬಾಳು ಬಾಳಿದವಳು — ಡೈರಿಗೆ ಒಂದ್ ತೊಟ್ಟೂ ಆಕಿಲ್ಲ ಮೇಡಮ್ಮಾರೆ, ನನ್ ಮಗಳಾಣೆ. ಮತ್ತೆ? ಮತ್ತೆ ಏನು, ಮನೇಗೆ. ಮನೇಲಿ ಯಾರು ಕುಡಿದ್ರು? ಯಾರು ಕುಡಿದರು ಎಂದರೆ — ದ್ಯಾವಯ್ಯ ಚಾ ಬಿಟ್ಟರೆ ಹಾಲು ಮುಟ್ಟುವವನಲ್ಲ, ತನಗೆ ಹಾಲು ಕುಡಿದರೆ ಹೊಟ್ಟೆಯುಬ್ಬರ, ಯಾರು ಕುಡಿದರು, ಬಸುರಿ ಹೆಂಗಸು ಮನೆಯಲ್ಲಿರುವಾಗ ಬೇರೆ ಯಾರು ಕುಡಿಯುತ್ತಾರೆ — ದೊಡ್ಡ ಸ್ಟೀಲ್ ಲೋಟ ಮೇಲಕ್ಕೆತ್ತಿದ ಕತ್ತು, ಗುಟುಕಿಗೊಮ್ಮೆ ಏರಿ ಇಳಿಯುವ ಗಂಟಲು. ಚೆನ್ನಾಗಿ ಕಾಸೇ ಕೊಟ್ಟಿದೀನಿ ಮೇಡಮ್ಮಾರೆ, ಮೂರು ಉಕ್ಕು ಬರಿಸಿ. ಆ ಟೂಬಿನ ಔಷಧಿಯೂ ಇದೇ ಜಾತೀದು, ಹಾಲಿಗಿಳಿಯುತ್ತೆ, ಕಾಯಿಸಿದರೆ ಹೋಗಲ್ಲಮ್ಮ. ಅದರಿಂದ್ಲೇ ಇಂಗಾಯ್ತಾ? ಅದರಿಂದಲೇ ಅಂತ ನಾನು ಹೇಳಲಾರೆ, ಯಾರೂ ಹೇಳಲಾರರು, ಈ ಕ್ರಿಮಿ ಎಲ್ಲಿಂದಾದರೂ ಬಂದಿರಬಹುದು, ಆಸ್ಪತ್ರೆಯಲ್ಲೇ ಹತ್ತಿರಬಹುದು, ನೀವು ಸುಮ್ಮನೆ ಎದೆಗೆ ಹಚ್ಚಿಕೋಬೇಡಿ. ಹೇಳಲಾರೆ ಎಂದರು. ಅಲ್ಲ ಎನ್ನಲಿಲ್ಲ.

ಮೊದಲನೇ ಸಲ ಚಿಕ್ಕಮಾದಯ್ಯ ಬಂದಿದ್ದ, ದನಗಳಿಗೆ ಸೂಜಿ ಹಾಕಿಕೊಂಡು ಊರೂರು ತಿರುಗುವವನು, ಟೂಬಿನ ಮೂತಿಯನ್ನು ಮೊಲೆಯೊಳಕ್ಕಿಟ್ಟು ಒತ್ತಿ, ನೋಡವ್ವ, ಈ ಆಲು ನಾಕು ದಿನ ಡೈರಿಗೆ ಆಕ್ಬೇಡ, ಅಲ್ಲಿ ಪರೀಕ್ಸೆ ಮಾಡಿದ್ರೆ ಸಿಕ್ಬೀಳ್ತೀಯಾ, ಕ್ಯಾನ್ ಕ್ಯಾನೇ ಚೆಲ್ಲುಸ್ತಾರೆ. ಡೈರಿಗೆ ಹಾಕಬೇಡ ಅಂದ, ಕುಡಿಯಬೇಡ ಅನ್ನಲಿಲ್ಲ — ತಾನೂ ಕೇಳಲಿಲ್ಲ, ಕೇಳಬೇಕೆಂದು ಹೊಳೆಯಲೂ ಇಲ್ಲ, ಡೈರಿಗೆ ಬೇಡದ್ದು ಮನೆಗೆ ಎನ್ನುವುದು ಯಾವ ಕಾಲದಿಂದ ನಡೆದು ಬಂದದ್ದು, ಒಡೆದ ಮೊಟ್ಟೆ ಮನೆಗೆ, ಸೊಟ್ಟ ಸೌತೆಕಾಯಿ ಮನೆಗೆ, ಡೈರಿ ತೆಗೆದುಕೊಳ್ಳದ ಹಾಲು ಮನೆಗೆ. ಮರುಸಲ ಚಿಕ್ಕಮಾದಯ್ಯನನ್ನೂ ಕರೆಯಲಿಲ್ಲ, ದ್ಯಾವಯ್ಯನೇ ಕೆ.ಆರ್. ಪೇಟೆಯ ಅಂಗಡಿಯಿಂದ ಟೂಬು ತಂದ, ಒಂದು ಏರಿಸಿದ, ಬಾವು ತಗ್ಗಿತು, ಉಳಿದ ಟೂಬು ಗೋಡೆಯ ಗೂಡಿಗೆ — ಅಯ್ಯೋ, ಫಕ್ರುನ್ನೀಸಾ, ನಿನ್ನ ಬಿಸ್ಕತ್ ಡಬ್ಬಿಗೆ ನಕ್ಕೆನಲ್ಲೇ ನಾನು. ಏಳು ತುಂಬಿ ಸಹನ ತವರಿಗೆ ಬಂದ ಮೇಲೆ ಮೂರು ಸಲ ಬಾವು, ಮೂರು ಸಲವೂ ಒಲೆಯ ಮೇಲೆ ಪಾತ್ರೆ ತುಂಬಾ ಹಾಲು, ಕೆನೆ, ಮೊಸರು, ಬಾಣಂತನಕ್ಕಿರಲಿ ಎಂದು ತುಪ್ಪ. ಸಾಕು ಕಣವ್ವ, ಏನೋ ಕಹಿ ಕಹಿ ಅಂತದೆ ಎಂದಿದ್ದಳು ಒಮ್ಮೆ, ಎಂದಿದ್ದಳಾ, ಅಥವಾ ಈಗ ತನ್ನ ತಲೆಯೇ ಹಾಗೆ ಹೇಳುತ್ತಿದೆಯಾ, ಬೆಲ್ಲದ ಪುಡಿ ಉದುರಿಸಿ ಮತ್ತೆ ಕೈಗಿಟ್ಟದ್ದಂತೂ ನಿಜ, ಕುಡಿ ಕುಡಿ, ನಿನಗಲ್ಲ ಕಣೆ, ಒಳಗಿರೋದಕ್ಕೆ — ಮುಖ ಕಿವುಚಿ, ಕಣ್ಣು ಮುಚ್ಚಿ, ಲೋಟ ಮೇಲಕ್ಕೆತ್ತಿ, ಆ ಗಂಟಲು ಏರಿ, ಇಳಿದು, ಏರಿ, ತಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು ತಳ ಕಾಣುವ ತನಕ ನೋಡುತ್ತಾ.

ಕರೆದದ್ದಾಯಿತು, ಬಕೆಟ್ಟಿನಲ್ಲಿ ನೊರೆ ಕೂತಿದೆ, ಬೆಳ್ಳಗೆ, ಬೇರೆ ಯಾವ ಹಾಲಿಗಿಂತಲೂ ಬೇರೆ ಕಾಣದಷ್ಟು ಬೆಳ್ಳಗೆ. ನೆನ್ನೆ ಸಂಜೇನೇ ಒಂದ್ ಟೂಬು ಏರಿಸ್ದೆ ಕಣೆ, ಡೈರಿಗೆ ಒಯ್ಬೇಡ ಎಂದ ದ್ಯಾವಯ್ಯ ಜಗುಲಿಯಿಂದ, ತಾನೇ ಎಚ್ಚರಿಕೆಯವನೆಂಬಂತೆ. ಅವನಿಗೆ ಹೇಳಿಲ್ಲ. ಅಶೋಕನಿಗೆ ಹೇಳಿಲ್ಲ. ಸಹನಳಿಗೆ — ಮಂಚಮ್ಮ ಬಕೆಟ್ಟು ಎತ್ತಿಕೊಂಡು ಅಡುಗೆಮನೆಯ ಬಾಗಿಲು ದಾಟಿ ತಿಪ್ಪೆಯ ಕಡೆ ನಡೆದಳು. ಲೇ, ಲೇ ಮಂಚಿ, ಎತ್ಲಾಗೋಯ್ತಿದ್ದೀ, ತಲೆ ಕೆಟ್ಟದಾ ನಿಂಗೆ, ಆಲ ನೆಲಕ್ಕುಯ್ತಾರೇನೆ, ಮನೇಲಿ ಇನ್ನೂ ತೊಟ್ಲು ಕಟ್ಟಿಲ್ಲ, ಅಲ್ಲಿ ಮಗಳು ಆ ಸ್ಥಿತೀಲವ್ಳೆ, ಅಪಶಕುನ ಮುಂಡೇದು. ಅಪಶಕುನ. ಮಂಚಮ್ಮನ ಅವ್ವ ಒಲೆಯ ಮೇಲೆ ಹಾಲು ಉಕ್ಕಿದರೂ ಕೈ ಮುಗಿಯುತ್ತಿದ್ದಳು, ತಪ್ಪಾಯ್ತು ತಾಯಿ ಎಂದು. ಚೆಲ್ಲುವುದು ಹೇಗೆಂದು ಈ ಕೈಗೆ ಗೊತ್ತಿಲ್ಲ, ಕೊಡುವುದಷ್ಟೇ ಗೊತ್ತು, ಓರೆ ಮಾಡಿದ ಬಕೆಟ್ಟು ಓರೆಯಾಗಿಯೇ ನಿಂತಿತು, ಅಂಚಿಗೆ ಬಂದ ಹಾಲು ಅಂಚಿನಲ್ಲೇ ನಿಂತಿತು — ಆಗ ಸೊಂಟದಲ್ಲಿ ಫೋನು ನಡುಗಿತು.

ಅತ್ತೆ, ಅಶೋಕ. ಉಸಿರು ಬಿಡದೆ ಮಾತಾಡುತ್ತಿದ್ದ, ಜ್ವರ ಇಳೀತಾ ಅದೆ ಅತ್ತೆ, ಮೇಡಮ್ಮು ಈಗ ನೋಡ್ಕಂಡೋದ್ರು, ಇನ್ನೂ ಏನೂ ಯೋಳಂಗಿಲ್ಲ, ಕಿಡ್ನಿ ನೋಡ್ಬೇಕು ಅಂದ್ರು, ಆದ್ರೂ ಇಳೀತಾ ಅದೆ ಅಂದ್ರು, ಕಣ್ಬುಟ್ಟು ಮಾತಾಡುದ್ಲು ಅತ್ತೆ. ಮಂಚಮ್ಮ ತಿಪ್ಪೆಯಂಚಿನ ಕಲ್ಲಿನ ಮೇಲೆ ಕೂತಳು, ದೇವರೇ, ನಮ್ಮಪ್ಪ, ಬಕೆಟ್ಟು ತೊಡೆಯ ನಡುವೆ ಬೆಚ್ಚಗೆ. ಏನಂದ್ಲಪ್ಪ? ಅದೇ ಅತ್ತೆ, ಮೂರ್ ದಿನದಿಂದ ಒಂದು ತೊಟ್ಟು ನೀರೂ ಬ್ಯಾಡ ಅಂತಿದ್ದೋಳು ಈಗ ಬಾಯ್ಬುಟ್ಟು ಕೇಳ್ತಾವ್ಳೆ, ಇಲ್ಲಿ ಕ್ಯಾಂಟೀನ್ದು ಬ್ಯಾಡ್ವಂತೆ, ನಮ್ಮವ್ವ ಕೊಡೋ ಆಲೇ ಬೇಕಂತೆ, ಹತ್ತೂವರೆ ರೈಲಿಗೆ ಬರೋವಾಗ ಫ್ಲಾಸ್ಕಲ್ಲಿ ತಂದ್ಬುಡಿ, ಬೆಲ್ಲ ಜಾಸ್ತಿ ಆಕಿ ಅಂದ್ಲು, ತಕ್ಕಳಿ ಅವ್ಳತ್ರನೇ ಮಾತಾಡಿ. ಏನೋ ಸರಿದಾಡಿದ ಸದ್ದು, ಸಣ್ಣ ಉಸಿರು, ಅವ್ವ, ಎಂದಿತು ಉಸಿರು, ಅವ್ವಾ, ತತ್ತೀಯಾ? ಹೂಂ ಎನ್ನಬೇಕು, ಇಲ್ಲ ಎನ್ನಬೇಕು, ಹೇಳಬೇಕು, ಯಾವುದನ್ನು ಮೊದಲು, ಅಂಗಡಿಯ ಪ್ಯಾಕೆಟ್ಟು ಕಾಯಿಸಿ ತಂದರೆ ಒಂದು ಗುಟುಕಿಗೇ ಗೊತ್ತಾಗುತ್ತದೆ ಅವಳಿಗೆ, ಗೊತ್ತಾಗಿ ಯಾಕವ್ವ ಎನ್ನುತ್ತಾಳೆ, ಯಾಕೆ ಎಂದರೆ — ಕೂಸು ಜಗುಲಿಯಲ್ಲಿ ಎದ್ದು ಅಳತೊಡಗಿತು, ಮೆಷಿನ್ನು ಬದುವಿನ ತುದಿಗೆ ಬಂದು ತಿರುಗಿತು, ಅವ್ವಾ ಕೇಳ್ತಾ ಅದಾ ಎಂದಿತು ಫೋನು, ಕೇಳುತ್ತಿದೆ, ಕೇಳುತ್ತಿದೆ ಮಗಾ, ಆದರೆ ಕಣ್ಣಿಗೆ ಬೇರೇನೂ ಬರುತ್ತಿಲ್ಲ, ಬರುವುದು ಅದೊಂದೇ, ಮೇಲಕ್ಕೆತ್ತಿದ ಲೋಟ, ಹಿಂದಕ್ಕೆ ಬಾಗಿದ ಕತ್ತು, ಅದರ ನಡುವೆ ಏರಿ, ಇಳಿದು, ಏರಿ, ನಿಲ್ಲದ ಆ ಗಂಟಲು.