ಉಳಿದ ಮಾತ್ರೆ

"ನಿಜ ಬೊಗಳೇ. ನಾನಿಲ್ದಾಗ ನನ್ನ ಕಮೋಡ್ ಮೇಲೆ ಕೂತ್ಕೊಂಡಿದೀಯ ತಾನೆ?"

ಪುಟ್ಟಲಕ್ಷ್ಮಿ ಬಾತ್‌ರೂಮಿನ ನೆಲ ಉಜ್ಜುತ್ತಿದ್ದಳು. ಬ್ರಶ್ಶು ನಿಲ್ಲಿಸದೆಯೇ, "ಇಲ್ಲ ಕಣ್ರಮ್ಮ," ಅಂದಳು.

"ಮತ್ತೆ ನಂಗೆ ಹೆಂಗ್ ಬಂತು ಈ ದರಿದ್ರ? ನೋಡಿಲ್ಲಿ, ಒಂದ್ ಮಾತ್ರೆಗೂ ಬಗ್ಗಲ್ವಂತೆ. ನಾಳೆಯಿಂದ ಏಳು ದಿನ ಇಂಜೆಕ್ಷನ್ ಅಂತೆ."

ಗಿರಿಜಾದೇವಿ ಲ್ಯಾಬಿನ ಕಾಗದವನ್ನು ಅವಳ ಮುಖದ ಮುಂದೆ ಆಡಿಸಿದರು. ಅಂಥದೇ ಒಂದು ಕಾಗದ ಪುಟ್ಟಲಕ್ಷ್ಮಿಯ ಚೀಲದಲ್ಲೂ ಇತ್ತು.

ವಿಜಯನಗರದ ಈ ಬೀದಿಯಲ್ಲಿ ನಾಲ್ಕು ಮನೆಯ ಕೆಲಸ ಅವಳದು. ಬೆಳಿಗ್ಗೆ ಆರಕ್ಕೆ ಬಾಪೂಜಿ ನಗರ ಬಿಟ್ಟರೆ ಮತ್ತೆ ಗುಡಿಸಲು ಕಾಣುವುದು ಮೂರು ಗಂಟೆಗೆ. ನಾಲ್ಕೂ ಮನೆಯ ಕಕ್ಕಸು ತೊಳೆಯುತ್ತಾಳೆ, ಒಂದರಲ್ಲೂ ಕೂರುವಂತಿಲ್ಲ. ಅದಕ್ಕೇ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಉರಿಮೂತ್ರ ಹತ್ತಿಕೊಂಡಾಗ ಬಾಯಿಬಿಟ್ಟು ಹೇಳಿಕೊಂಡದ್ದು ಗಿರಿಜಾದೇವಿಯ ಹತ್ತಿರವೇ. ಅವರಿಗೂ ಅದೇ ಕಾಟ. ಡಾಕ್ಟರು ಐದು ದಿನಕ್ಕೆ ಬರೆದುಕೊಟ್ಟರೆ ಅವರು ಎರಡು ದಿನ ನುಂಗಿ, ಉರಿ ನಿಂತೊಡನೆ ಮಿಕ್ಕಿದ್ದನ್ನು ಹಿಂದಿನ ರಾತ್ರಿ ಉಳಿದ ಅನ್ನದ ಜೊತೆ ಇವಳ ಕೈಗೆ ಹಾಕುತ್ತಿದ್ದರು. ಇವಳು ಅದರಲ್ಲೂ ಒಂದೆರಡು ನುಂಗಿ, ಮತ್ತೆ ಉರಿ ಬಂದರೆ ಇರಲಿ ಎಂದು ಉಳಿದದ್ದನ್ನು ಎತ್ತಿಡುತ್ತಿದ್ದಳು. ಮೂರು ವರ್ಷ ನಡೆದದ್ದು ಹೀಗೆ.

"ಅರ್ಧಂಬರ್ಧ ನುಂಗಿ ನುಂಗಿ, ಮದ್ದು ಅರಗಿಸ್ಕೊಳ್ಳೋದನ್ನ ರೋಗಕ್ಕೇ ಕಲಿಸಿದೀಯಲ್ಲಮ್ಮ," ಎಂದು ಸರ್ಕಾರಿ ಆಸ್ಪತ್ರೆಯ ಡಾಕ್ಟರು ನಿನ್ನೆ ನಾಲ್ಕು ಜನರ ಮುಂದೆ ಬೈದಿದ್ದರು. "ಕಿಡ್ನಿಗೆ ಏರ್ತಾ ಇದೆ. ನಾಳೇನೇ ಅಡ್ಮಿಟ್ ಆಗು."

"ಅಮ್ಮ, ಡಾಕ್ಟ್ರು ನನ್ನೂ ಏಳ್ ದಿನ ಸೇರ್ಕೋ ಅಂದವ್ರೆ. ಜರ ಬಿಟ್ಟೇ ಇಲ್ಲ. ಒಂದ್ ವಾರ ರಜ ಕೊಟ್ರೆ..."

"ವಾರ ಯಾಕೆ, ಪೂರ್ತಿ ತಗೋ. ರೋಗ ಹಚ್ಚಿದೋಳಿಗೆ ರಜ ಬೇರೆ ಕೇಡು. ಮಿಕ್ಕ ಮೂರು ಮನೆಗೂ ಫೋನ್ ಮಾಡ್ತೀನಿ, ಇವಳನ್ನ ಒಳಗೆ ಸೇರಿಸ್ಬೇಡಿ ಅಂತ."

"ನೀವ್ ಕೊಟ್ಟಿದ್ ಮಾತ್ರೆನೇ ಕಣ್ರಮ್ಮ ನಾನು ನುಂಗಿದ್ದು."

"ಕೊಟ್ಟಿದ್ದೇ ತಪ್ಪಾಯ್ತು, ಮುಂಡೆ. ಏಳು, ಆಚೆ ನಡಿ. ನಂಗೆ ಅರ್ಜೆಂಟಾಗ್ತಿದೆ."

ಗಿರಿಜಾದೇವಿ ದಾರಿ ಬಿಟ್ಟು ಹಾಲಿಗೆ ಸರಿದರು. ಪುಟ್ಟಲಕ್ಷ್ಮಿ ಸೊಂಟ ಹಿಡಿದುಕೊಂಡು ಎದ್ದಳು. ಬಾಗಿಲ ತನಕ ಬಂದಳು. ಆಚೆ ಹೋಗುವ ಬದಲು ಬಾಗಿಲೆಳೆದು ಚಿಲಕ ಹಾಕಿಕೊಂಡಳು.

ಆ ಮನೆಗಿದ್ದದ್ದು ಅದೊಂದೇ ಬಾತ್‌ರೂಮು. ಮಹಡಿಯ ಬಾಡಿಗೆಯವರು ಬೀಗ ಹಾಕಿ ಕೆಲಸಕ್ಕೆ ಹೋಗಿದ್ದರು.

ಸೀರೆ ಎತ್ತಿ ಕೂತಳು. ಕಮೋಡು ತಣ್ಣಗಿತ್ತು. ಮೊದಲ ಹನಿಗೇ ಮೆಣಸಿನಪುಡಿ ತುರುಕಿದ ಹಾಗಾಗಿ ಕಣ್ಣಿಗೆ ಕತ್ತಲೆ ಬಂತು. ಹಲ್ಲು ಕಚ್ಚಿದಳು.

ಬಾಗಿಲು ದಡದಡ ಅಂದಿತು. "ಏ ಲೌಡಿ, ತೆಗಿಯೇ ಬಾಗಿಲು! ಪೊಲೀಸ್ನೋರಿಗೆ ಹಿಡ್ಕೊಡ್ತೀನಿ!"

ಎರಡನೆಯ ಹನಿ ಬಿತ್ತು. ಕೆಂಪಗಿತ್ತು.

"ಪುಟ್ಟೂ," ಗಿರಿಜಾದೇವಿಯ ದನಿ ಬಾಗಿಲ ಬುಡಕ್ಕಿಳಿದಿತ್ತು. "ರಜ ಕೊಡ್ತೀನಿ ಕಣೇ. ಯಾರ್ಗೂ ಫೋನ್ ಮಾಡಲ್ಲ. ತೆಗಿಯಮ್ಮ, ಆಗ್ತಿಲ್ಲ ನಂಗೆ."

"ತಡ್ಕಳಮ್ಮ," ಅಂದಳು ಪುಟ್ಟಲಕ್ಷ್ಮಿ. "ನಂದು ಹನಿ ಹನಿಯಾಗ್ ಬತ್ತಾದೆ. ಮೂರು ವರ್ಸದ್ದು ಐತೆ."

ಬಾಗಿಲು ಬಡಿಯುವುದು ನಿಂತಿತು. ಆಚೆ ಗೋಡೆಗೆ ಜಾರಿ ಕುಸಿದ ಸದ್ದು, ಆಮೇಲೆ ಸಣ್ಣಗೆ ಅಳು.

ಬಾತ್‌ರೂಮಿನ ನೆಲ ಹಾಲಿಗಿಂತ ತಗ್ಗು. ಬಾಗಿಲ ಸಂದಿಯಿಂದ ಹಳದಿಯ ಒಂದು ಗೆರೆ ಒಳಗೆ ಹರಿದು, ಉಜ್ಜಿದ ನೆಲದ ಮೇಲೆ ಮೆಲ್ಲಗೆ ಅಗಲವಾಯಿತು.

ಪುಟ್ಟಲಕ್ಷ್ಮಿ ಕಾಲೆತ್ತಿಕೊಂಡು ಕೂತಳು.