ನೆಲದಲ್ಲಿ ಕೂತರೆ ಕಾಣದ ಟೀವಿ

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಟ್ಟು ಸುತ್ತಿ ಬಳಸುವುದು ಬೇಡ. ಭದ್ರಾವತಿಯ ಜಯಾಳಿಗೆ ಅದು ಹತ್ತಿಕೊಂಡದ್ದು ಎರಡು ಸಾವಿರದ ಎಂಟರ ದಸರಾ ಕಳೆದ ಮೇಲೆ, ಅದೂ ಒಂದು ಟೀವಿಯ ದೆಸೆಯಿಂದ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿದ್ದ ಮೈದುನ ಶಶಿಧರ್ ಮೂವತ್ತೆರಡು ಇಂಚಿನ ತೆಳ್ಳನೆಯ ಟೀವಿ ತಂದು ಗೋಡೆಗೆ ಹೊಡೆಸಿದ. ಅದನ್ನು ನೋಡಿ ಎರಡು ದಿನ ಇದ್ದು ಬರುತ್ತೇನೆಂದು ಹೋದ ಅತ್ತೆ ಹುಲಿಗೆಮ್ಮ, ಮೂರು ವಾರವಾದರೂ ಬರಲಿಲ್ಲ.

ಹನ್ನೊಂದು ವರ್ಷದಿಂದ ಹುಲಿಗೆಮ್ಮ ಇದ್ದದ್ದು ದೊಡ್ಡ ಮಗ ಪರಮೇಶನ ಮನೆಯಲ್ಲಿ, ಅಂದರೆ ಜಯಾಳ ಮನೆಯಲ್ಲಿ. ಸಂಜೆ ಏಳಾಯಿತೆಂದರೆ ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೊರಗಿ, ನೆಲದ ಮೇಲೆ ಕಾಲು ಚಾಚಿ, ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾ ಧಾರಾವಾಹಿ ನೋಡುವುದು ಆಕೆಯ ರೂಢಿ. ಸೋಫಾದ ಮೇಲೆ ಕೂರಿಸಿದರೆ, ಬತ್ತಿ ಹೊಸೆಯಲು ತೊಡೆ ನೆಟ್ಟಗೆ ಸಿಗುವುದಿಲ್ಲವೆಂದು ಕೆಳಗಿಳಿಯುತ್ತಿದ್ದಳು.

ಜಯಾಳ ಮನೆಯದು ಇಪ್ಪತ್ತೊಂಬತ್ತು ಇಂಚಿನ, ಹಿಂದೆ ದೊಡ್ಡ ಡುಬ್ಬವಿರುವ ಪಿಕ್ಚರ್ ಟ್ಯೂಬಿನ ಟೀವಿ. ತಂದ ದಿನ ಮೂರು ಜನ ಹೊತ್ತು ಇಳಿಸಿದ್ದರು, ಇಡೀ ಬೀದಿ ಬಂದು ನೋಡಿತ್ತು. ಈಗ ಅದು ಜಯಾಳ ಕಣ್ಣಿಗೆ ಮೂಲೆಯಲ್ಲಿ ಮಲಗಿದ ಗಬ್ಬದ ಎಮ್ಮೆಯ ಹಾಗೆ ಕಾಣುತ್ತಿತ್ತು.

"ನಿಮ್ಮಮ್ಮ ಟೀವಿ ನೋಡೋಕೆ ಹೋದ್ರೋ, ಅಲ್ಲೇ ಠಿಕಾಣಿ ಹೂಡೋಕೆ ಹೋದ್ರೋ?" ಎಂದು ಗಂಡನನ್ನು ಕೇಳಿದಳು.

"ಇರ್ಲಿ ಬಿಡೇ, ಅದೂ ಮಗನ ಮನೇನೇ," ಎಂದ ಪರಮೇಶ. ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದವನಿಗೆ ತಟ್ಟೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಇವನಿಂದ ಆಗುವ ಕೆಲಸವಲ್ಲವೆಂದು ಜಯಾ ಮಾರನೆಯ ದಿನವೇ ಟೀವಿ ರಿಪೇರಿ ಚೌಡಯ್ಯನ ಅಂಗಡಿಗೆ ಹೋದಳು.

"ಚೌಡಯ್ಯನೋರೆ, ಈ ತೆಳ್ಳನೆ ಟೀವಿಗಳಲ್ಲಿ ಏನೇನು ಐಬಿದೆ ಹೇಳಿ."

"ತಗೋಬೇಕು ಅಂತಿದೀರೇನಮ್ಮ?"

"ಬೇರೆಯೋರು ತಗೊಂಡಿದಾರೆ."

ಚೌಡಯ್ಯನಿಗೆ ಅಷ್ಟು ಸಾಕಾಯಿತು. ಕನ್ನಡಕ ಹಣೆಗೇರಿಸಿ ಶುರು ಮಾಡಿದ. "ತೆಳ್ಳನೇದ್ರಲ್ಲಿ ಎರಡು ಜಾತಿ. ಒಂದು ಪ್ಲಾಸ್ಮಾ. ಬಣ್ಣ ಚೆಂದ, ಆದ್ರೆ ಕರೆಂಟ್ ಕುಡಿಯುತ್ತೆ, ಮೈ ಕಾಯುತ್ತೆ. ಒಂದೇ ಚಾನೆಲ್ ಇಟ್ಕೊಂಡ್ ಕೂತ್ರೆ ಅದರ ಗುರುತು ಗಾಜಿನ ಮೇಲೆ ಹಚ್ಚೆ ಹುಯ್ದಂಗೆ ಉಳಿಯುತ್ತೆ. ಇನ್ನೊಂದು ಎಲ್‌ಸಿಡಿ. ಅದು ಅಷ್ಟು ಕಾಯಲ್ಲ, ಕರೆಂಟೂ ಕಮ್ಮಿ. ಆದ್ರೆ ಎದುರಿಗೆ ಕೂತೋರಿಗೆ ಮಾತ್ರ ಮರ್ಯಾದೆ ಕೊಡುತ್ತೆ. ಕಮ್ಮಿ ರೇಟಿಂದಾದ್ರೆ ಕೆಳಗಿಂದ ನೋಡೋರಿಗೆ ಎಲ್ಲಾರ ಮುಖಾನೂ ಮಸಿ."

"ನಮ್ಮದು?"

"ನಿಮ್ದು ಭಾರ, ಜಾಗ ತಿನ್ನುತ್ತೆ. ಆದ್ರೆ ಎಲ್ಲಿ ಕೂತು ನೋಡಿ, ಒಂದೇ ಥರ." ಆಮೇಲೆ ತನ್ನಷ್ಟಕ್ಕೆ ಸೇರಿಸಿದ, "ಆ ಮಸಿಗೂ ಮದ್ದಿದೆ ಅನ್ನಿ. ಗೋಡೆ ಕಡೆ ಇರೋ ಎರಡು ಸ್ಕ್ರೂ ಸಡಿಲ ಮಾಡಿ ಮುಂದಕ್ಕೆ ಬಗ್ಗಿಸಿದ್ರಾಯ್ತು."

ಮದ್ದು ಜಯಾಳಿಗೆ ಬೇಕಿರಲಿಲ್ಲ. ರೋಗ ಮಾತ್ರ ಬಾಯಿಪಾಠ ಮಾಡಿಕೊಂಡಳು. ಭಾನುವಾರ ಬಸ್ಸು ಮಲವಗೊಪ್ಪ ದಾಟುವಾಗಲೂ ಅವಳ ತುಟಿ ಅಲುಗುತ್ತಿತ್ತು. ಕರೆಂಟ್ ಕುಡಿಯುತ್ತೆ, ಮೈ ಕಾಯುತ್ತೆ, ಹಚ್ಚೆ ಬೀಳುತ್ತೆ.

ಬಾಗಿಲು ತೆಗೆದವಳು ಶಶಿಧರನ ಹೆಂಡತಿ ವೀಣಾ. "ಬನ್ನಿ ಅಕ್ಕ! ಅಂತೂ ಟೀವಿ ನೋಡೋಕೆ ಬಂದ್ರಿ."

"ನಾನು ಅತ್ತೇನ ನೋಡೋಕೆ ಬಂದೆ," ಎಂದವಳು ಚಪ್ಪಲಿ ಬಿಟ್ಟು ನೇರ ಟೀವಿಯ ಹತ್ತಿರ ಹೋಗಿ ಅದರ ಬೆನ್ನಿಗೆ ಅಂಗೈ ಇಟ್ಟಳು. "ಕಾಯುತ್ತಂತಲ್ಲೇ ಇದು?"

"ಅದು ಪ್ಲಾಸ್ಮಾ ಅಕ್ಕ. ಕಾಯುತ್ತೆ ಅಂತಾನೇ ಬೇಡ ಅಂದ್ವಿ. ಇದು ಎಲ್‌ಸಿಡಿ."

ಬಾಯಿಪಾಠ ಮಾಡಿದ್ದರಲ್ಲಿ ಮುಕ್ಕಾಲು ಪಾಲು ಅಲ್ಲೇ ನೀರುಪಾಲಾಯಿತು.

ಏಳಕ್ಕೆ ಧಾರಾವಾಹಿ ಶುರುವಾಯಿತು. ಸೋಫಾದಲ್ಲಿ ಕೂತ ಜಯಾಳಿಗೆ ಪರದೆಯ ಮೇಲಿನವಳ ಮೂಗುಬೊಟ್ಟಿನ ಹರಳು ಕೂಡ ಎಣಿಸುವಷ್ಟು ಸ್ಪಷ್ಟವಾಗಿ ಕಂಡು ಹೊಟ್ಟೆ ಇನ್ನಷ್ಟು ಉರಿಯಿತು. ಹುಲಿಗೆಮ್ಮ ಇಲ್ಲೂ ಅಡುಗೆಮನೆ ಬಾಗಿಲ ಪಕ್ಕ ನೆಲದ ಮೇಲೇ ಕೂತಿದ್ದಳು, ಮಡಿಲಲ್ಲಿ ಹತ್ತಿ. ವೀಣಾ ಒಲೆ ಆರಿಸಿ ಬಂದು, ಸ್ಟೂಲು ಎಳೆದುಕೊಂಡು ಅತ್ತೆಯ ಭುಜಕ್ಕೆ ಮಂಡಿ ತಾಗಿಸಿ ಕೂತಳು.

"ಈಗ ಅವಳು ಬಾಗಿಲಲ್ಲಿ ನಿಂತಿದಾಳೆ ಅತ್ತೆ. ಹಸಿರು ಸೀರೆ. ಕಣ್ತುಂಬ ನೀರು."

"ಅಳ್ಲಿ ಬಿಡು. ಮೊನ್ನೆ ಗಂಡನ ಮಾತಿಗೆ ಕುಣೀತಿದ್ಲಲ್ಲ, ಅವಳಿಗೆ ಬೇಕಾಗಿತ್ತು!"

ಇಬ್ಬರೂ ನಕ್ಕರು. ಹನ್ನೊಂದು ವರ್ಷದಲ್ಲಿ ಜಯಾ ಹಾಗೆ ಕೂತವಳಲ್ಲ. ಏಳು ಗಂಟೆ ಎಂದರೆ ಅವಳಿಗೆ ಚಪಾತಿ ಲಟ್ಟಿಸುವ ಹೊತ್ತು.

"ಅದೇನು ರೇಡಿಯೋ ಥರ ಹೇಳ್ತಿದೀಯ?"

"ಅತ್ತೆ ಕಣ್ಣು ಮಂಜಾಗಿದೆ ಅಕ್ಕ. ಶುಕ್ರವಾರ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ತೀನಿ."

"ಟೀವೀಲಿ ಒಬ್ಬರ ಮುಖಾನೂ ಕಾಣಲ್ಲ ಕಣೇ ಜಯಾ," ಎಂದಳು ಹುಲಿಗೆಮ್ಮ. "ಅದಕ್ಕೇ ಇಲ್ಲಿ ಉಳ್ಕೊಂಡೆ. ಈ ಹುಡುಗಿ ಹೇಳ್ತಾಳೆ, ನಾನು ಕೇಳ್ತೀನಿ. ಒಂಥರಾ ಚೆನ್ನಾಗೇ ಇದೆ."

'ಈ ಹುಡುಗಿ' ಎಂಬುದು ಜಯಾಳ ಕಿವಿಗೆ ಕಾದ ಎಣ್ಣೆ ಹುಯ್ದಂತೆ ಬಿತ್ತು. ಸೋಫಾದಿಂದ ಇಳಿದು ಅತ್ತೆಯ ಇನ್ನೊಂದು ಪಕ್ಕಕ್ಕೆ ಕೂತು ತಲೆ ಎತ್ತಿದಳು. ಪರದೆಯ ಮೇಲೆ ಹಸಿರು ಸೀರೆಯೂ ಇಲ್ಲ, ಮೂಗುಬೊಟ್ಟೂ ಇಲ್ಲ. ಎಲ್ಲರ ಮುಖವೂ ಮಸಿ. ಚೌಡಯ್ಯನ ಮಾತು ನೆನಪಾಯಿತು. ಅತ್ತೆಗೆ ನೆಮ್ಮದಿಯಾಗಲಿ ಎಂದು ಅವಳು ಬಾಯಿ ಬಿಟ್ಟಳು ಎಂದರೆ ಅದು ಶುದ್ಧ ಸುಳ್ಳು. ಆ ಭುಜಕ್ಕೂ ಮಂಡಿಗೂ ನಡುವೆ ಸಂದು ಬೀಳಲಿ ಎಂದೇ ಬಿಟ್ಟಳು.

"ಅತ್ತೆ, ಕೈಯಲ್ಲಿರೋ ಹತ್ತಿ ಎಳೆ ಕಾಣುತ್ತಾ?"

"ಕಾಣ್ದೆ ಬತ್ತಿ ಹೊಸೀತೀನೇನೇ?"

"ಬಾಗಿಲಾಚೆ ಆ ಕ್ಯಾಲೆಂಡರ್?"

"ಕಾಣುತ್ತೆ."

"ಹಂಗಾರೆ ಎದ್ದು ನಿಂತ್ಕೊಂಡು ಟೀವಿ ನೋಡಿ."

ಹುಲಿಗೆಮ್ಮ ಗೋಡೆ ಹಿಡಿದು ಎದ್ದಳು. "ಅಯ್ಯೋ! ಹಸಿರು ಸೀರೆ!" ಕೂತಳು. "ಹೋಯ್ತು." ಮತ್ತೆ ಎದ್ದಳು. "ಬಂತು!"

"ಕಣ್ಣಿಗೇನೂ ಆಗಿಲ್ಲ. ಐಬು ಇರೋದು ಇವರ ಟೀವೀಲಿ. ನೆಲದಲ್ಲಿ ಕೂತೋರನ್ನ ಲೆಕ್ಕಕ್ಕೇ ತಗೊಳ್ಳಲ್ಲ ಇದು," ಎಂದಳು ಜಯಾ. ಬೇಡವೆಂದಿದ್ದ ಮದ್ದು ಈಗ ಉಪಯೋಗಕ್ಕೆ ಬಂತು. "ಶಶಿ, ಹಿಂದಿನ ಎರಡು ಸ್ಕ್ರೂ ಸಡಿಲ ಮಾಡಿ ಮುಂದಕ್ಕೆ ಬಗ್ಗಿಸಪ್ಪ."

ಸೋಫಾದ ಇನ್ನೊಂದು ತುದಿಯಲ್ಲಿದ್ದ ಶಶಿಧರ್ ಎದ್ದು ಬಗ್ಗಿಸಿದ. ನೆಲದಿಂದಲೇ ಎಲ್ಲ ಕಂಡಿತು. ಕಣ್ಣು ಹೋಯಿತೆಂದು ಮೂರು ವಾರ ಒಳಗೊಳಗೇ ಹೆದರಿದ್ದ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಎಷ್ಟೆಲ್ಲ ತಿಳ್ಕೊಂಡಿದೀರಿ ಅಕ್ಕ," ಎಂದಳು ವೀಣಾ. ಅವಳ ಮುಖ ಕೆಳಗಿನಿಂದ ನೋಡಿದ ಎಲ್‌ಸಿಡಿಯ ಹಾಗಾಗಿತ್ತು. ಎದ್ದು ಅಡುಗೆಮನೆಗೆ ಹೋದಳು. ಜಯಾಳಿಗೆ ಆಹಾ ಎನಿಸಿತು.

ಬುಧವಾರ ಹುಲಿಗೆಮ್ಮ ಬ್ಯಾಗು ಹಿಡಿದು ಭದ್ರಾವತಿಗೆ ಬಂದಳು. ಗುರುವಾರ ಜಯಾ ಆರೂವರೆಗೇ ಚಪಾತಿ ಮುಗಿಸಿ, ಏಳಕ್ಕೆ ಟೀವಿ ಹಾಕಿ, ಅತ್ತೆಯ ಭುಜಕ್ಕೆ ಭುಜ ತಾಗಿಸಿ ಕೂತಳು.

"ಅವಳು ಬಾಗಿಲಲ್ಲಿ ನಿಂತಿದಾಳೆ ಅತ್ತೆ. ನೀಲಿ ಸೀರೆ."

"ನಂಗೂ ಕಾಣುತ್ತೆ ಮಾರಾಯ್ತಿ, ಸುಮ್ನಿರು. ಅವಳೇನಂದ್ಲು ಅಂತ ಕೇಳಿಸ್ಲಿಲ್ಲ."

ಸ್ವಲ್ಪ ಹೊತ್ತಿಗೆ ಜಾಹೀರಾತು ಬಂತು, ಪರಮೇಶನ ಮೊಬೈಲೂ ಹೊಡೆದುಕೊಂಡಿತು. ವೀಣಾ. ಹುಲಿಗೆಮ್ಮ ಹತ್ತಿಯ ಕೈಯಲ್ಲೇ ಫೋನು ಹಿಡಿದು ಗೋಡೆ ಕಡೆ ತಿರುಗಿದಳು.

"ಹೂಂ ಕಣೇ, ನೋಡ್ದೆ... ಇಲ್ಲಿ ನೀಲಿ ಕಾಣ್ತು, ಅಲ್ಲಿ? ... ಇಲ್ಲ, ನೀನು ಪಕ್ಕ ಕೂತು ಹೇಳ್ದಂಗೆ ಇರಲ್ಲ ಬಿಡು, ಸುಮ್ನೆ ಕಂಡ್ರೆ ಏನು ರುಚಿ!"

ಎಲ್ಲಿ ಕೂತರೂ ಒಂದೇ ಥರ ಕಾಣುವ ಆ ಡುಬ್ಬದ ಟೀವಿಯ ಮೇಲೆ ಜಯಾಳಿಗೆ ಆಗ ಬಂದಷ್ಟು ಸಿಟ್ಟು, ವೀಣಾಳ ಮೇಲೂ ಯಾವತ್ತೂ ಬಂದಿರಲಿಲ್ಲ.