ಎಲ್ಲಿದ್ದೀರಿ ಎಂದು ಕೇಳಿದಾಗ

ನೆರೆಮನೆಯ ಸಾತಪ್ಪ, ಓಣಿಯಲ್ಲಿ ಈಗೀಗ ಒಬ್ಬಿಬ್ಬರ ಕೈಗೆ ಬಂದಿರುವಂಥ ಹೊಸ ಮೊಬೈಲನ್ನು ಅಂಗೈಯಲ್ಲಿಟ್ಟುಕೊಂಡು ಪದ್ಮವ್ವನ ಕಟ್ಟೆಗೆ ಬಂದ. ಹಿಂದೆಯೇ ಅವನ ಹೆಂಡತಿ ಕಾಶವ್ವ. ಮಗಳು ಲಕ್ಷ್ಮಿ ತುಂಬಿದ ಬಸುರಿ. ಅವಳನ್ನು ಖಾನಾಪುರದ ಗಂಡನ ಮನೆಯಿಂದ ತವರು ಶಹಾಪುರಕ್ಕೆ ಬಾಣಂತನಕ್ಕೆ ಕರೆತರಲು ನಾಳೆ ಇಬ್ಬರೂ ಬಾಡಿಗೆ ಕಾರಿನಲ್ಲಿ ಹೊರಟಿದ್ದರು.

"ಇನ್ನ ಅಂಜಿಕಿ ಇಲ್ಲ ನೋಡವ್ವಾ. ದಾರ್ಯಾಗ ಏನರೆ ಆದ್ರ ನೂರು ಒತ್ತಿ ಪೊಲೀಸರನ್ನ ಕರಿಯೂದು. ನಾವ್ ಎಲ್ಲಿ ಅದೀವಿ ಅಂತ ಫೋನ ತಾನ ಹೇಳತೈತಿ. ಪೇಪರ್‌ನ್ಯಾಗ ಬಂದೈತಿ."

ನೂಲು ಸುತ್ತುತ್ತಿದ್ದ ಪದ್ಮವ್ವನ ಕೈ ನಿಂತಿತು. "ಅದು ಅಮೆರಿಕಾದ ಸುದ್ದಿ, ಅಣ್ಣಾರ. ಅಲ್ಲೂ ಈಗಷ್ಟ ಹಚ್ಚಾಕ ಹತ್ಯಾರಂತ. ನಮ್ಮ ಫೋನಿಗೆ ಏನೂ ತಿಳಿಯಂಗಿಲ್ಲ."

"ಮಗ್ಗದ ಮುಂದ ಕುಂತಾಕಿ ನನಗ ಮೊಬೈಲ್ ಕಲಸ್ತಾಳ!" ಸಾತಪ್ಪ ನಕ್ಕ.

ಕಾಶವ್ವ ಅವನ ತೋಳು ಚಿವುಟಿದಳು. ಓಣಿಗೆಲ್ಲ ಗೊತ್ತಿದ್ದದ್ದನ್ನು ಅವನು ಮರೆತಿದ್ದ.

ಹೋದ ಮಳೆಗಾಲ, ಅದೇ ರಸ್ತೆಯಲ್ಲಿ, ಪದ್ಮವ್ವನ ಗಂಡ ಭರಮಪ್ಪ ಎದೆ ಹಿಡಿದುಕೊಂಡು ಟೆಂಪೋದ ಸ್ಟಿಯರಿಂಗ್ ಮೇಲೆ ಒರಗಿದ್ದ. ಅವನ ಮೊಬೈಲಿನಿಂದ ಅವಳೇ ನೂರಕ್ಕೆ ಕರೆ ಮಾಡಿದ್ದಳು. "ಎಲ್ಲಿದ್ದೀರಿ?" ಎಂದು ಕೇಳಿದರು. ಮದುವೆಯಾದಾಗಿನಿಂದ ಅವನ ಬಾಜು ಕೂತು ಓಡಾಡಿದ ದಾರಿ. ಆದರೆ ಊರು, ಸೇತುವೆ, ತಿರುವು ನೋಡಿಕೊಳ್ಳುವುದು ಅವನ ಪಾಲಿಗಿತ್ತು. ಅವಳು ಮಾತಾಡುತ್ತ ಕೂರುವವಳು. "ಖಾನಾಪುರ ರಸ್ತಾ... ಗಿಡಾ ಅದಾವ್ರಿ... ಲಗೂ ಬರ್ರಿ" ಎಂದು ಅತ್ತು ಫೋನಿಟ್ಟಿದ್ದಳು. ಉಳಿದದ್ದನ್ನು ಫೋನೇ ಹೇಳುತ್ತದೆ ಎಂದು ನಂಬಿದ್ದಳು.

ಆಂಬುಲೆನ್ಸ್ ಮಚ್ಛೆಯ ಸುತ್ತ ಹುಡುಕಿತು. ಅವರಿದ್ದದ್ದು ಇನ್ನೂ ಬಲು ಮುಂದೆ, ಗಣೇಬೈಲಿನ ಆಚೆ. ಅದು ಬಂದು ಮುಟ್ಟುವಾಗ ಭರಮಪ್ಪನ ಕೈ ಅವಳ ಕೈಯಲ್ಲೇ ತಣ್ಣಗಾಗಿತ್ತು.

"ಹೇಳ್ರಿ ಅಣ್ಣಾರ, ಮಚ್ಛೆ ದಾಟಿದ ಮ್ಯಾಲ ಯಾವ ಊರು?" ಪದ್ಮವ್ವ ಕೇಳಿದಳು.

ಸಾತಪ್ಪ ತಡವರಿಸಿದ. "ಡ್ರೈವರ್‌ಗ ಗೊತ್ತಿರತೈತಲ್ಲವ್ವಾ."

"ಡ್ರೈವರ್‌ಗ ಏನರೆ ಆದ್ರ?"

ಸಾತಪ್ಪ ಮೊಬೈಲನ್ನು ಜೇಬಿಗಿಳಿಸಿ ತಲೆ ತಗ್ಗಿಸಿದ. "ತಪ್ಪಾತವ್ವಾ. ಹೇಳಿಕೊಡು."

"ನನಗ ಮೊದಲ ಹೇಳ, ಪದ್ಮಾ," ಎಂದಳು ಕಾಶವ್ವ. "ಮಗಳ ಬಾಜು ಕುಂದ್ರಾಕಿ ನಾನು."

ಪದ್ಮವ್ವ ಹೇಳತೊಡಗಿದಳು. ಪೀರನವಾಡಿ, ಮಚ್ಛೆ, ದೇಸೂರು, ಇದ್ದಲಹೊಂಡ, ಗಣೇಬೈಲು. ಎಲ್ಲಿ ಗುಡಿ, ಎಲ್ಲಿ ಸೇತುವೆ. ಗಂಡ ಹೋದ ಮೇಲೆ ಒಬ್ಬಳೇ ಬಸ್ಸಿನ ಕಿಟಕಿಗೆ ಕೂತು ಕಲಿತದ್ದು. ಎಲ್ಲಿದ್ದೀರಿ ಎಂದು ಆಗ ಕೇಳುವವರು ಯಾರೂ ಇರಲಿಲ್ಲ.

ಅಕ್ಕತಂಗಿಯರೇ, ಸಹಾಯಕ್ಕೆ ಕರೆ ಮಾಡಿದಾಗ ಅಳುವ ಮೊದಲು ಜಾಗ ಹೇಳಿ. ದಾಟಿ ಬಂದ ಊರು, ಕಿಲೋಮೀಟರ್ ಕಲ್ಲಿನ ಅಂಕಿ, ಹತ್ತಿರದ ಗುಡಿಯೋ ಶಾಲೆಯೋ. ಅವರು ಸಾಕೆನ್ನುವವರೆಗೆ ಫೋನಿಡಬೇಡಿ. ಮುಂದೊಂದು ದಿನ ನಮ್ಮ ಫೋನೂ ಜಾಗ ಹೇಳೀತು. ಅಲ್ಲಿಯವರೆಗೆ ನಾವೇ ಹೇಳಬೇಕು. ನಾಳೆ ಮನೆಯವರ ಬಾಜು ಗಾಡಿಯಲ್ಲಿ ಕೂತಾಗ ಒಮ್ಮೆ ಹೊರಗೆ ನೋಡಿ: ಇದು ಯಾವ ಊರು? ಅವರು ಬಾಜು ಇರುವಾಗಲೇ ಕೇಳಿ ತಿಳಿದುಕೊಳ್ಳಿ.